ಬೂದು ಪೊಟ್ಟಣದ ಆಯಸ್ಸು: ಔಷಧಕ್ಕೆ ಬಗ್ಗದ ಗೊನೊರಿಯಾ ಮತ್ತು ನಮ್ಮ ಜಿಲ್ಲೆ



ದತ್ತಿ ಉಪನ್ಯಾಸಕ್ಕೆ ಮನೆಮಂದಿಯೆಲ್ಲ ಕೂತು ಕೇಳುವಂಥ ವಿಷಯವನ್ನು ಆರಿಸಿಕೊಳ್ಳುವುದು ವಾಡಿಕೆ. ಇಂದಿನ ವಿಷಯವನ್ನು ಮನೆಮಂದಿಯ ಮುಂದೆ ಎತ್ತಲು ನಾಲಗೆ ತಡವರಿಸುತ್ತದೆ. ಗೊನೊರಿಯಾ ಎಂಬ ಈ ಕಾಯಿಲೆಗೆ ವೈದ್ಯ ಗ್ರಂಥಗಳಲ್ಲಿ ಪೂಯಮೇಹ ಎಂಬ ಹೆಸರುಂಟು. ಬಸ್ ನಿಲ್ದಾಣದ ಗೋಡೆಗಳ ಮೇಲೆ ಅದು 'ಗುಪ್ತರೋಗ'ವಾಗುತ್ತದೆ. ಮನೆಯ ಮಾತಿನಲ್ಲಿ ಗಂಡಸಿಗಾದರೆ 'ಉಷ್ಣ', 'ಉರಿಮೂತ್ರ'. ಹೆಂಗಸಿಗಾದರೆ 'ಬಿಳಿ ಹೋಗುವುದು'. ಹೆಸರನ್ನು ಹೀಗೆ ಮರೆಮಾಡಿದ್ದರಿಂದ ರೋಗಕ್ಕೆ ಅನುಕೂಲವಾಗಿದೆ, ರೋಗಿಗಂತೂ ಆಗಿಲ್ಲ. ಈ ರೋಗಾಣು ಯಾವ ಯಾವ ಔಷಧಗಳನ್ನು ಹೇಗೆ ಸೋಲಿಸಿತು, ಆ ಸೋಲಿನಲ್ಲಿ ಕೆಮ್ಮು ನೆಗಡಿಗೆ ನಾವು ನುಂಗುವ ಗುಳಿಗೆಯ ಪಾಲೆಷ್ಟು, ಸರ್ಕಾರಿ ಕ್ಲಿನಿಕ್ಕುಗಳಲ್ಲಿ ಕೊಡುವ ಬೂದು ಬಣ್ಣದ ಪೊಟ್ಟಣ ಏನನ್ನು ಸಾಧಿಸಿತು, ಅದಕ್ಕೆ ಏನು ಕಾಣುವುದಿಲ್ಲ ಎಂಬುದನ್ನು ಇಂದು ಹೇಳಬೇಕೆಂದಿದ್ದೇನೆ. ನನ್ನ ವಾದ ಒಂದೇ. ಪರೀಕ್ಷೆಯಿಲ್ಲದೆ ಮದ್ದು ಕೊಡುವ ಪದ್ಧತಿ ಒಂದು ಕಾಲದಲ್ಲಿ ನಮ್ಮನ್ನು ಕಾಪಾಡಿತು. ಅದಕ್ಕೆ ಈಗ ಪ್ರಯೋಗಾಲಯದ ಕಣ್ಣು ಕೊಡದಿದ್ದರೆ ಉಳಿದಿರುವ ಮದ್ದನ್ನೂ ಕಳೆದುಕೊಳ್ಳುತ್ತೇವೆ.

ಮೊದಲು ರೋಗಾಣುವಿನ ವಿಚಾರ. 1879ರಲ್ಲಿ ಜರ್ಮನಿಯ ಆಲ್ಬರ್ಟ್ ನೈಸರ್ ಇದನ್ನು ಗುರುತಿಸಿದರು. ನೈಸೀರಿಯಾ ಗೊನೊರಿಯೆ ಎಂಬ ಹೆಸರು ಬಂದದ್ದು ಅವರಿಂದ. ಸೂಕ್ಷ್ಮದರ್ಶಕದಲ್ಲಿ ಎರಡು ಹುರುಳಿಕಾಳನ್ನು ಎದುರುಬದುರು ಇಟ್ಟಂತೆ ಜೋಡಿಯಾಗಿ ಕಾಣುತ್ತದೆ. ಗಂಡಸರಲ್ಲಿ ಸೋಂಕು ತಗಲಿದ ಕೆಲವೇ ದಿನಗಳಲ್ಲಿ ಉರಿ, ಕೀವು ಕಾಣಿಸಿಕೊಳ್ಳುವುದರಿಂದ ಅವರು ಮದ್ದು ಹುಡುಕಿಕೊಂಡು ಹೊರಡುತ್ತಾರೆ. ಹೆಂಗಸರಲ್ಲಿ ಬಹಳಷ್ಟು ಮಂದಿಗೆ ಯಾವ ಲಕ್ಷಣವೂ ಇರುವುದಿಲ್ಲ. ಸದ್ದಿಲ್ಲದೆ ಗರ್ಭಕೋಶಕ್ಕೂ ಗರ್ಭನಾಳಕ್ಕೂ ಏರಿ, ನಾಳ ಮುಚ್ಚಿಹೋಗಿ, ಮಕ್ಕಳಾಗದಿರಲು ಅಥವಾ ನಾಳದಲ್ಲೇ ಗರ್ಭ ಕಟ್ಟಲು ಇದು ಕಾರಣವಾಗುತ್ತದೆ. 'ಬಂಜೆ' ಎಂಬ ಮಾತು ಹೆಣ್ಣಿನ ಮೇಲೆ ಬೀಳುವ ಊರುಗಳಲ್ಲಿ, ಆ ಮಾತಿನ ಹಿಂದೆ ಗಂಡ ತಂದ ಸೋಂಕು ಎಷ್ಟು ಸಲ ಇದ್ದೀತು ಎಂದು ಯಾರೂ ಕೇಳಿದಂತಿಲ್ಲ. ಹೆರಿಗೆಯ ಹೊತ್ತಿನಲ್ಲಿ ಇದು ಮಗುವಿನ ಕಣ್ಣಿಗೂ ತಗಲುತ್ತದೆ. 1881ರಲ್ಲಿ ಕಾರ್ಲ್ ಕ್ರೇಡೆ ಎಂಬ ವೈದ್ಯರು ನವಜಾತ ಶಿಶುಗಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕುವ ಕ್ರಮವನ್ನು ಪ್ರಕಟಿಸುವವರೆಗೆ ಯುರೋಪಿನಲ್ಲಿ ಶಿಶುಗಳ ಕುರುಡುತನಕ್ಕೆ ಇದು ದೊಡ್ಡ ಕಾರಣವಾಗಿತ್ತು.

ಇನ್ನು ಔಷಧಗಳ ಸಾಲು. 1930ರ ದಶಕದಲ್ಲಿ ಸಲ್ಫಾ ಗುಳಿಗೆಗಳು ಬಂದವು. ಹತ್ತು ವರ್ಷ ತುಂಬುವ ಮೊದಲೇ ಅವು ಕೈಕೊಟ್ಟವು. 1943ರ ಹೊತ್ತಿಗೆ ಪೆನಿಸಿಲಿನ್ ಬಂತು. ಆರಂಭದಲ್ಲಿ ಒಂದೆರಡು ಲಕ್ಷ ಯೂನಿಟ್‌ನ ಚುಚ್ಚುಮದ್ದಿಗೆ ಮಣಿಯುತ್ತಿದ್ದ ರೋಗಾಣುವಿಗೆ 1970ರ ದಶಕದಲ್ಲಿ 48 ಲಕ್ಷ ಯೂನಿಟ್ ಬೇಕಾಯಿತು. ಮೂವತ್ತು ವರ್ಷಗಳ ಕಾಲ ಅದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿತ್ತು, ವೈದ್ಯರು ಪ್ರಮಾಣ ಹೆಚ್ಚಿಸುತ್ತ ಬೆನ್ನಟ್ಟುತ್ತಿದ್ದರು. 1976ರಲ್ಲಿ ಪೆನಿಸಿಲಿನ್ ಅನ್ನೇ ಒಡೆದುಹಾಕುವ ಕಿಣ್ವವಿದ್ದ ತಳಿಗಳು ಪತ್ತೆಯಾದ ಮೇಲೆ ಪ್ರಮಾಣದ ಲೆಕ್ಕ ಅರ್ಥ ಕಳೆದುಕೊಂಡಿತು. ಟೆಟ್ರಾಸೈಕ್ಲಿನ್ ಹೋಯಿತು. ಸಿಪ್ರೋಫ್ಲಾಕ್ಸಸಿನ್ ಬಂದು ಹೋಯಿತು. ಅಮೆರಿಕ 2007ರಲ್ಲಿ ಅದನ್ನು ಗೊನೊರಿಯಾ ಚಿಕಿತ್ಸೆಯ ಪಟ್ಟಿಯಿಂದ ತೆಗೆದುಹಾಕಿತು. ಬಾಯಿಂದ ನುಂಗುವ ಸೆಫಿಕ್ಸಿಮ್ ಅನ್ನು 2012ರಲ್ಲಿ ಮೊದಲ ಆಯ್ಕೆಯ ಸ್ಥಾನದಿಂದ ಇಳಿಸಿತು. ಕೊನೆಗೆ ಉಳಿದದ್ದು ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು. ಅದಕ್ಕೂ ಬಗ್ಗದ ತಳಿ 2009ರಲ್ಲಿ ಜಪಾನಿನ ಕ್ಯೋಟೋದಲ್ಲಿ ಸಿಕ್ಕಿತು. ಅದು ಅಲ್ಲಿಗೇ ನಿಂತಿತೆಂದು ಸಮಾಧಾನಪಡುವಷ್ಟರಲ್ಲಿ, 2015ರಲ್ಲಿ ಜಪಾನಿನಲ್ಲೇ ಕಂಡ ಎಫ್‌ಸಿ428 ಎಂಬ ಇನ್ನೊಂದು ತಳಿ ಖಂಡಗಳನ್ನು ದಾಟಿತು. 2018ರಲ್ಲಿ ಇಂಗ್ಲೆಂಡಿನ ಒಬ್ಬ ರೋಗಿಯಲ್ಲಿ ಸೆಫ್ಟ್ರಿಯಾಕ್ಸೋನ್, ಅಜಿಥ್ರೋಮೈಸಿನ್ ಎರಡೂ ಸೋತವು. ಸೋಂಕು ಬಂದದ್ದು ಆಗ್ನೇಯ ಏಷ್ಯಾದಿಂದ. ಗಂಭೀರ ಸೋಂಕುಗಳಿಗೆಂದು ಕಾದಿರಿಸುವ ಎರ್ಟಾಪೆನೆಮ್ ಅನ್ನು ರಕ್ತನಾಳದ ಮೂಲಕ ಕೊಟ್ಟು ಗುಣಪಡಿಸಬೇಕಾಯಿತು. ಒಂದು ಗುಳಿಗೆಯಿಂದ ಹೋಗಬೇಕಿದ್ದ ಕಾಯಿಲೆಗೆ ಅಷ್ಟು ದೊಡ್ಡ ಮದ್ದು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಲೋಕದಲ್ಲಿ 8 ಕೋಟಿಗೂ ಹೆಚ್ಚು ಹೊಸ ಸೋಂಕುಗಳಾದವು. 2024ರಲ್ಲಿ 12 ದೇಶಗಳಿಂದ ಅದು ಸಂಗ್ರಹಿಸಿದ ಮಾದರಿಗಳಲ್ಲಿ, ಭಾರತವೂ ಆ ಹನ್ನೆರಡರಲ್ಲಿ ಒಂದು, ಸಿಪ್ರೋಫ್ಲಾಕ್ಸಸಿನ್‌ಗೆ ಬಗ್ಗದವು ಶೇ. 95. ಎರಡೇ ವರ್ಷದಲ್ಲಿ ಸೆಫಿಕ್ಸಿಮ್‌ಗೆ ಬಗ್ಗದವು ಶೇ. 1.7ರಿಂದ ಶೇ. 11ಕ್ಕೂ, ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದವು ಶೇ. 0.8ರಿಂದ ಶೇ. 5ಕ್ಕೂ ಏರಿದ್ದವು. ವರದಿ ಮಾಡುವ ದೇಶಗಳೂ ಈ ನಡುವೆ ಹೆಚ್ಚಿದವಾದ್ದರಿಂದ ಏರಿಕೆಯ ಒಂದು ಭಾಗ ಎಣಿಕೆಯಿಂದಲೇ ಬಂದಿರಬಹುದು. ಹಾಗೆಂದು ರಿಯಾಯಿತಿ ಕೊಟ್ಟರೂ ಏರುವ ದಿಕ್ಕು ಬದಲಾಗುವುದಿಲ್ಲ.

ಈಗ ಎರಡನೆಯ ವಿಚಾರಕ್ಕೆ ಬರುತ್ತೇನೆ. ಇದು ಈ ಸಭೆಯಲ್ಲಿರುವ ಪ್ರತಿ ಮನೆಗೂ ಸೇರಿದ್ದು. ಗೊನೊರಿಯಾದ ಮದ್ದನ್ನು ಸರಿಯಾಗಿ ತೆಗೆದುಕೊಳ್ಳದವರಿಂದಲೇ ರೋಗಾಣು ಬಲಿಯುತ್ತದೆ ಎಂದು ನಾವು ತಿಳಿದಿದ್ದೇವೆ. ಅರೆಬರೆ ಮದ್ದು ಕೆಟ್ಟದ್ದೆಂಬುದು ನಿಜ. ರಾಗಿ ಹೊಲದಲ್ಲಿ ಗರಿಕೆಯನ್ನು ಮೇಲೆ ಮೇಲೆ ಕಿತ್ತರೆ ಬೇರು ಉಳಿದು ಇನ್ನಷ್ಟು ಹಬ್ಬುವುದನ್ನು ರೈತರು ಬಲ್ಲರು. ಆದರೆ ಗೊನೊರಿಯಾದ ರೋಗಾಣುವಿಗೆ ಇನ್ನೊಂದು ಚಾಳಿ ಇದೆ. ಅದು ಅಕ್ಕಪಕ್ಕದ ಜೀವಾಣುಗಳಿಂದ ವಂಶವಾಹಿಯ ತುಣುಕುಗಳನ್ನು ಕೈಗಡ ತರುತ್ತದೆ, ತಂದದ್ದನ್ನು ಹಿಂದಿರುಗಿಸುವುದಿಲ್ಲ. ಅದರ ಅಣ್ಣತಮ್ಮಂದಿರಂಥ ನಿರುಪದ್ರವಿ ನೈಸೀರಿಯಾಗಳು ನಮ್ಮೆಲ್ಲರ ಗಂಟಲಲ್ಲಿ ಮನೆಮಾಡಿಕೊಂಡಿವೆ. ನೆಗಡಿಗೆಂದು, ಕೆಮ್ಮಿಗೆಂದು ನಾವು ಆ್ಯಂಟಿಬಯೋಟಿಕ್ ನುಂಗಿದಾಗಲೆಲ್ಲ ಆ ನಿರುಪದ್ರವಿಗಳು ತಡೆದುಕೊಳ್ಳುವುದನ್ನು ಕಲಿಯುತ್ತವೆ. ಮುಂದೊಮ್ಮೆ ಗೊನೊರಿಯಾದ ರೋಗಾಣು ಯಾರದೋ ಗಂಟಲಿಗೆ ಬಂದು ತಂಗಿದಾಗ (ಗಂಟಲಿನ ಸೋಂಕು ಸಾಮಾನ್ಯವಾಗಿ ಲಕ್ಷಣವೇ ತೋರದೆ ಉಳಿಯುತ್ತದೆ) ಕಲಿತವರಿಂದ ಆ ಪಾಠ ಅದಕ್ಕೆ ಸಿಗುತ್ತದೆ. ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್‌ಗಳನ್ನು ಸೋಲಿಸುವ ಪೆನ್-ಎ ವಂಶವಾಹಿ ಇಂಥ ಕೈಗಡದ ತುಣುಕುಗಳನ್ನು ಕೌದಿಯಂತೆ ಹೊಲಿದು ಆದದ್ದು ಎಂಬುದನ್ನು ಪ್ರಯೋಗಾಲಯಗಳು ಓದಿ ತೋರಿಸಿವೆ.

ನಮ್ಮ ದೇಶದ ಒಂದು ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಖಾಸಗಿ ವಲಯದಲ್ಲಿ 2019ರಲ್ಲಿ ಮಾರಾಟವಾದ ಆ್ಯಂಟಿಬಯೋಟಿಕ್‌ಗಳ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಅತಿ ಹೆಚ್ಚು ಬಳಕೆಯಾದದ್ದು ಅಜಿಥ್ರೋಮೈಸಿನ್ 500 ಮಿಲಿಗ್ರಾಂ ಗುಳಿಗೆ; ಎರಡನೆಯದು ಸೆಫಿಕ್ಸಿಮ್ 200 ಮಿಲಿಗ್ರಾಂ ಗುಳಿಗೆ. ಸರ್ಕಾರದ ಲೈಂಗಿಕ ರೋಗ ಚಿಕಿತ್ಸೆಯ ಬೂದು ಪೊಟ್ಟಣದಲ್ಲಿರುವುದು ಇವೇ ಎರಡು: ಒಂದು ಗ್ರಾಂ ಅಜಿಥ್ರೋಮೈಸಿನ್, 400 ಮಿಲಿಗ್ರಾಂ ಸೆಫಿಕ್ಸಿಮ್. ಗೊನೊರಿಯಾಕ್ಕೆಂದು ಎತ್ತಿಟ್ಟ ಎರಡು ಅಸ್ತ್ರಗಳನ್ನೇ ನಾಡಿನ ಜನ ಗಂಟಲು ಕೆರೆತಕ್ಕೆ ಪ್ರಯೋಗಿಸುತ್ತಿದ್ದಾರೆ. 2020ರಲ್ಲಿ ಕೋವಿಡ್ ಬಂತು, ಅಜಿಥ್ರೋಮೈಸಿನ್ ಹೆಸರು ಹಳ್ಳಿಯ ಮಕ್ಕಳ ಬಾಯಿಗೂ ಬಂತು. ವೈರಸ್ಸಿಗೆ ಅದರಿಂದ ಏನೂ ಆಗಲಿಲ್ಲ. ಕಾನೂನು ಇಲ್ಲವೆಂದಲ್ಲ. 2014ರಿಂದ ಜಾರಿಯಲ್ಲಿರುವ ಎಚ್-1 ಪಟ್ಟಿಯಂತೆ ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಮಾರುವ ಅಂಗಡಿಯವರು ವೈದ್ಯರ ಚೀಟಿ ನೋಡಿ, ರೋಗಿಯ ಹೆಸರು, ಪ್ರಮಾಣಗಳನ್ನು ಪುಸ್ತಕದಲ್ಲಿ ಬರೆದು, ಆ ಪುಸ್ತಕವನ್ನು ಮೂರು ವರ್ಷ ಇಡಬೇಕು. ಈ ಪುಸ್ತಕವನ್ನು ಔಷಧ ನಿಯಂತ್ರಣದವರು ತಪಾಸಣೆಯ ದಿನವಷ್ಟೇ ತಿರುವಿ ಹಾಕುವ ಬದಲು, ಯಾವ ತಾಲ್ಲೂಕಿನಲ್ಲಿ ಎಷ್ಟು ಸೆಫಿಕ್ಸಿಮ್ ಹೋಗುತ್ತಿದೆ ಎಂದು ಕೂಡಿ ಲೆಕ್ಕ ಹಾಕಿದರೆ ರೋಗಾಣು ಮುಂದೇನು ಕಲಿಯಲಿದೆ ಎಂಬ ಮುನ್ಸೂಚನೆ ಕೈಗೆ ಸಿಗುತ್ತದೆ. ನೆಲಮಂಗಲಕ್ಕೆ ಹೋಗುವ ತುಮಕೂರು ರಸ್ತೆಯಲ್ಲಿ, ಪೀಣ್ಯದಲ್ಲಿ, ಆ್ಯಂಟಿಬಯೋಟಿಕ್ ತಯಾರಿಸಲೆಂದೇ 1981ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಇದೆ. ಮದ್ದು ತಯಾರಿಸಲು ನಾವು ಸಾರ್ವಜನಿಕ ಹಣ ಹೂಡಿದೆವು. ಮದ್ದು ಎಷ್ಟು ದಿನ ಬಾಳುತ್ತದೆ ಎಂದು ಗಮನಿಸಲು ಅದರ ಒಂದು ಪಾಲನ್ನೂ ಹೂಡಿಲ್ಲ.

ಮೂರನೆಯದು ಆ ಬೂದು ಪೊಟ್ಟಣದ ವಿಚಾರ. ಪರೀಕ್ಷೆಗೆ ಕಾಯದೆ, ಲಕ್ಷಣವನ್ನಷ್ಟೇ ನೋಡಿ ಅದೇ ದಿನ ಮದ್ದು ಕೊಡುವ ಪದ್ಧತಿ ಇದು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯಾದ ನ್ಯಾಕೋದ ಕಾರ್ಯಕ್ರಮದಲ್ಲಿ ಮೂತ್ರನಾಳದ ಅಥವಾ ಗರ್ಭಕಂಠದ ಸ್ರಾವಕ್ಕೆ ಬೂದು, ಯೋನಿ ಸ್ರಾವಕ್ಕೆ ಹಸಿರು, ಹೀಗೆ ಒಂದೊಂದು ಲಕ್ಷಣಕ್ಕೆ ಒಂದೊಂದು ಬಣ್ಣದ ಪೊಟ್ಟಣ. ಸುರಕ್ಷಾ ಕ್ಲಿನಿಕ್ ಎಂಬ ಫಲಕವಿರುವ ಕಡೆ ಇದು ಉಚಿತ. ಈ ಪದ್ಧತಿಯನ್ನು ಹಗುರವಾಗಿ ಕಾಣುವವನು ನಾನಲ್ಲ. ಪರೀಕ್ಷೆಗೆ ಕಳಿಸಿದ ರೋಗಿ ಮರಳಿ ಬಾರದೆ ಹೋಗುವುದು, ಹೋದವನು ಇನ್ನೊಬ್ಬರಿಗೆ ಹಚ್ಚುವುದು ದಿನನಿತ್ಯದ ಮಾತು. ಬಂದ ದಿನವೇ, ಕಣ್ಣೆದುರೇ ಗುಳಿಗೆ ನುಂಗಿಸಿದರೆ ಸರಪಳಿ ಅಲ್ಲೇ ತುಂಡಾಗುತ್ತದೆ. 2003ರಿಂದ ಎಚ್‌ಐವಿ ತಡೆಯುವ ಅವಾಹನ್ ಯೋಜನೆಯಡಿ ಕರ್ನಾಟಕದಲ್ಲಿ ಲೈಂಗಿಕ ಕಾರ್ಯಕರ್ತೆಯರ ನಡುವೆ ನಡೆದ ಕೆಲಸ ಇದಕ್ಕೆ ಸಾಕ್ಷಿ. ಬೆಂಗಳೂರು ನಗರ, ಮೈಸೂರು, ಬೆಳಗಾವಿ, ಬಳ್ಳಾರಿ, ಶಿವಮೊಗ್ಗ ಜಿಲ್ಲೆಗಳಲ್ಲಿ ನಡೆದ ಎರಡು ಸುತ್ತಿನ ಸಮೀಕ್ಷೆಗಳ ನಡುವೆ ಅವರಲ್ಲಿ ಗೊನೊರಿಯಾ ಅಥವಾ ಕ್ಲಮಿಡಿಯಾ ಎಂಬ ಇನ್ನೊಂದು ಲೈಂಗಿಕ ಸೋಂಕು ಇದ್ದವರ ಪ್ರಮಾಣ ಶೇ. 8.9ರಿಂದ ಶೇ. 7ಕ್ಕೆ, ಎಚ್‌ಐವಿ ಶೇ. 19.6ರಿಂದ ಶೇ. 16.4ಕ್ಕೆ ಇಳಿಯಿತು. ಕಾಂಡೋಮಿಗೂ, ಆ ಹೆಣ್ಣುಮಕ್ಕಳು ತಾವೇ ಕಟ್ಟಿಕೊಂಡ ಸಂಘಗಳಿಗೂ ಇದರಲ್ಲಿ ಪಾಲಿದೆ, ಪೊಟ್ಟಣಕ್ಕೂ ಇದೆ.

ಹಾಗಿದ್ದರೆ ದೋಷ ಎಲ್ಲಿ? ಪೊಟ್ಟಣ ಕೊಟ್ಟ ವಾರದ ಮೇಲೆ ರೋಗಿ ಮತ್ತೆ ಬಂದು, ಗುಣವಾಗಲಿಲ್ಲ ಎನ್ನುತ್ತಾನೆ. ಹೆಂಡತಿಗೆ ಚಿಕಿತ್ಸೆಯಾಗದೆ ಅವಳಿಂದ ಮತ್ತೆ ಹತ್ತಿರಬಹುದು. ಗುಳಿಗೆ ನುಂಗದೆ ಜೇಬಿನಲ್ಲೇ ಉಳಿಸಿಕೊಂಡಿರಬಹುದು. ಕಾಯಿಲೆ ಗೊನೊರಿಯಾವೇ ಅಲ್ಲದೆ ಮೈಕೋಪ್ಲಾಸ್ಮಾವೋ ಟ್ರೈಕೊಮೊನಾಸೋ ಆಗಿರಬಹುದು. ಅಥವಾ ರೋಗಾಣು ಮದ್ದನ್ನು ಸೋಲಿಸಿರಬಹುದು. ಹೊರಗಿನಿಂದ ನೋಡಿದರೆ ಈ ನಾಲ್ಕಕ್ಕೂ ಮುಖ ಒಂದೇ. ಪರೀಕ್ಷೆ ಇಲ್ಲದ ಕ್ಲಿನಿಕ್ಕಿನಲ್ಲಿ ನಾಲ್ಕಕ್ಕೂ ಉತ್ತರ ಇನ್ನೊಂದು ಪೊಟ್ಟಣ. ನಾಲ್ಕನೆಯದು ನಿಜವಾಗಿದ್ದರೆ ಆ ಎರಡನೆಯ ಪೊಟ್ಟಣ ರೋಗಾಣುವಿಗೆ ಗರಡಿಮನೆಯಾಗುತ್ತದೆ. ಹೆಂಗಸರ ವಿಷಯದಲ್ಲಂತೂ ಲಕ್ಷಣ ನೋಡಿ ಹೇಳುವುದು ಇನ್ನೂ ಕಷ್ಟ. ಬಿಳಿ ಹೋಗುತ್ತದೆಂದು ಬರುವ ಬಹುಪಾಲು ಹೆಂಗಸರಿಗೆ ಗೊನೊರಿಯಾ ಇರುವುದಿಲ್ಲ. ಗೊನೊರಿಯಾ ಇರುವ ಬಹುಪಾಲು ಹೆಂಗಸರು ಕ್ಲಿನಿಕ್ಕಿಗೇ ಬರುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗಿನ ಗ್ರಾಂ ಬಣ್ಣದ ಪರೀಕ್ಷೆ ಕೀವು ಸುರಿಯುವ ಗಂಡಸಿನಲ್ಲಿ ಬಹುತೇಕ ತಪ್ಪುವುದಿಲ್ಲ. ಹೆಂಗಸಿನ ಗರ್ಭಕಂಠದ ಮಾದರಿಯಲ್ಲಿ ಅರ್ಧಕ್ಕರ್ಧ ತಪ್ಪುತ್ತದೆ.

ನಮ್ಮ ಜಿಲ್ಲೆ ಸಣ್ಣದು, ಇಲ್ಲಿ ಇಂಥ ರೋಗ ಎಷ್ಟಿದ್ದೀತು ಎಂಬ ಆಕ್ಷೇಪ ಬರಬಹುದು. 2011ರ ಜನಗಣತಿಯಂತೆ ಬೆಂಗಳೂರು ಗ್ರಾಮಾಂತರದ ಜನಸಂಖ್ಯೆ ಸುಮಾರು 9.9 ಲಕ್ಷ. ಆದರೆ ಜಿಲ್ಲೆಯನ್ನು ಜನಸಂಖ್ಯೆಯಿಂದ ಅಳೆಯುವುದು ಸಾಲದು, ರಸ್ತೆಗಳಿಂದ ಅಳೆಯಬೇಕು. ನೆಲಮಂಗಲದಲ್ಲಿ ಪುಣೆಯ ದಾರಿ, ಮಂಗಳೂರಿನ ದಾರಿ ಕವಲೊಡೆಯುತ್ತವೆ. ಹೊಸಕೋಟೆಯಿಂದ ಕೋಲಾರ, ಚೆನ್ನೈ ಕಡೆಗೆ, ದೇವನಹಳ್ಳಿಯಿಂದ ಹೈದರಾಬಾದಿನ ಕಡೆಗೆ ಹೆದ್ದಾರಿ. 2008ರಿಂದ ದೇವನಹಳ್ಳಿಯ ವಿಮಾನ ನಿಲ್ದಾಣ ಲೋಕದ ಎಲ್ಲ ಊರುಗಳನ್ನೂ ಒಂದು ಹಗಲಿನ ದೂರಕ್ಕೆ ತಂದಿದೆ. ದೊಡ್ಡಬಳ್ಳಾಪುರದ ಮಗ್ಗಗಳಿಗೆ, ಅಪಾರೆಲ್ ಪಾರ್ಕಿಗೆ, ದಾಬಸ್‌ಪೇಟೆಯ ಕಾರ್ಖಾನೆಗಳಿಗೆ, ಹೊಸಕೋಟೆಯ ಗೋದಾಮುಗಳಿಗೆ ಊರು ಬಿಟ್ಟು ಬಂದವರು ಸಾವಿರಾರು. ಲಾರಿ ಚಾಲಕರನ್ನೂ ವಲಸೆ ಕಾರ್ಮಿಕರನ್ನೂ ನ್ಯಾಕೋ ತನ್ನ ಭಾಷೆಯಲ್ಲಿ ಸೇತುವೆ ಎನ್ನುತ್ತದೆ. ಆ ಮಾತು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ವಿಮಾನದಲ್ಲಿ ಬಂದಿಳಿಯುವವರನ್ನು ಯಾರೂ ಸೇತುವೆ ಎನ್ನುವುದಿಲ್ಲ, ಎಫ್‌ಸಿ428ರಂಥ ತಳಿ ಜಪಾನಿನಿಂದ ಲಾರಿ ಹತ್ತಿ ಬರುವುದಿಲ್ಲ. ಜಿಲ್ಲೆಗೆ ಬೆಂಗಳೂರು ಉತ್ತರ ಎಂದು ಹೆಸರಿಡಲು 2025ರ ಜುಲೈನಲ್ಲಿ ನಂದಿಬೆಟ್ಟದ ಸಂಪುಟ ಸಭೆ ತೀರ್ಮಾನಿಸಿತು. ಫಲಕದಿಂದ 'ಗ್ರಾಮಾಂತರ' ಹೋಗುವ ಮೊದಲೇ ರೋಗಗಳ ಮಟ್ಟಿಗೆ ಇದು ನಗರವಾಗಿಬಿಟ್ಟಿದೆ.

ಇನ್ನೊಂದು ಆಕ್ಷೇಪ ಹಣದ್ದು. ಈ ರೋಗಾಣುವನ್ನು ಬೆಳೆಸುವುದು ತೊಡಕಿನ ಕೆಲಸ ಎನ್ನುತ್ತಾರೆ. ಹೌದು, ಒಣಗಿದರೆ ಸಾಯುತ್ತದೆ, ತಣ್ಣಗಾದರೆ ಸಾಯುತ್ತದೆ, ಇಂಗಾಲದ ಡೈಆಕ್ಸೈಡ್ ಬೇಕು ಎನ್ನುತ್ತದೆ. ಆದರೆ ಆ ಅನಿಲಕ್ಕೆ ಮುಚ್ಚಿದ ಜಾಡಿಯೊಳಗೆ ಒಂದು ಮೇಣದಬತ್ತಿ ಹಚ್ಚಿಟ್ಟರೆ ಸಾಕೆಂಬುದನ್ನು ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿಗಳು ಮೊದಲ ವರ್ಷಗಳಲ್ಲೇ ಕಲಿಯುತ್ತಾರೆ. ಹೊಸಕೋಟೆಯಲ್ಲಿ ಎಂವಿಜೆ, ದೇವನಹಳ್ಳಿಯಲ್ಲಿ ಆಕಾಶ್, ನೆಲಮಂಗಲದ ಟಿ. ಬೇಗೂರಿನಲ್ಲಿ ಸಿದ್ಧಾರ್ಥ, ಹೀಗೆ ಜಿಲ್ಲೆಯೊಳಗೇ ವೈದ್ಯಕೀಯ ಕಾಲೇಜುಗಳಿವೆ. ವೈದ್ಯಕೀಯ ಕಾಲೇಜೆಂದ ಮೇಲೆ ಸೂಕ್ಷ್ಮಜೀವಿಶಾಸ್ತ್ರ ವಿಭಾಗ ಇರಲೇಬೇಕು. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ 20 ಕಿಲೋಮೀಟರ್ ಆಸುಪಾಸು. ಪ್ರತಿ ರೋಗಿಯ ಮಾದರಿಯನ್ನೂ ಬೆಳೆಸಿ ಎಂದು ಯಾರೂ ಕೇಳುತ್ತಿಲ್ಲ. ಬಂದ ದಿನವೇ ಪೊಟ್ಟಣ ಕೊಡಿ. ಕೊಡುವ ಮೊದಲು ಕೆಲವರಿಂದ, ಗುಣವಾಗದೆ ಮರಳಿದವರಿಂದ ತಪ್ಪದೆ, ಒಂದು ಹತ್ತಿಕಡ್ಡಿಯ ಮಾದರಿ ತೆಗೆಯಿರಿ. ಕ್ಷಯಕ್ಕೆಂದು ತಂದ ಜೀನ್‌ಎಕ್ಸ್‌ಪರ್ಟ್ ಯಂತ್ರಗಳಲ್ಲೇ ಗೊನೊರಿಯಾ, ಕ್ಲಮಿಡಿಯಾ ಗುರುತಿಸುವ ಕಾರ್ಟ್ರಿಜ್ ಹಾಕಬಹುದಲ್ಲ ಎಂದು ಕೇಳಬಹುದು. ಹಾಕಬಹುದು, ಹಾಕಬೇಕು. ಆದರೆ ಅದು ರೋಗ ಇದೆಯೋ ಇಲ್ಲವೋ ಎಂದಷ್ಟೇ ಹೇಳುತ್ತದೆ. ಯಾವ ಮದ್ದಿಗೆ ಬಗ್ಗುತ್ತದೆ ಎಂಬುದನ್ನು ತಿಳಿಯಲು ರೋಗಾಣುವನ್ನು ಬೆಳೆಸಿಯೇ ನೋಡಬೇಕು.

ಹೊಸ ಮದ್ದುಗಳು ಬಂದಿವೆ, ಚಿಂತೆ ಏಕೆ ಎನ್ನುವವರೂ ಇದ್ದಾರೆ. ಬಂದಿವೆ. ಐದು ದೇಶಗಳಲ್ಲಿ 900ಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷೆಯಾದ ಜೊಲಿಫ್ಲೊಡಾಸಿನ್, ಮೂತ್ರನಾಳದ ಸೋಂಕಿಗೆ ಮೊದಲೇ ಒಪ್ಪಿಗೆ ಪಡೆದಿದ್ದ ಜೆಪೊಟಿಡಾಸಿನ್, ಎರಡಕ್ಕೂ 2025ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಗೊನೊರಿಯಾಕ್ಕೆ ಅನುಮತಿ ಸಿಕ್ಕಿತು. ಮಿದುಳು ಪೊರೆಯುರಿತದ ಲಸಿಕೆಯೊಂದು ಗೊನೊರಿಯಾವನ್ನೂ ಮೂರರಲ್ಲಿ ಒಂದು ಪಾಲಿನಷ್ಟು ತಡೆಯುತ್ತದೆಂದು ಕಂಡು, 2025ರ ಆಗಸ್ಟಿನಿಂದ ಇಂಗ್ಲೆಂಡ್ ಅದನ್ನು ಅಪಾಯ ಹೆಚ್ಚಿರುವವರಿಗೆ ಕೊಡತೊಡಗಿದೆ. ಇವುಗಳಿಂದ ಸಂತೋಷಪಡಬೇಕು. ಆದರೆ ಸಲ್ಫಾ ಬಂದಾಗ, ಪೆನಿಸಿಲಿನ್ ಬಂದಾಗ, ಸಿಪ್ರೋಫ್ಲಾಕ್ಸಸಿನ್ ಬಂದಾಗ ಪಟ್ಟ ಸಂತೋಷವೂ ಹೀಗೆಯೇ ಇತ್ತು. ನೋಡದೆ ಕೊಡುವ ಕೈಗೆ ಹೊಸ ಮದ್ದು ಸಿಕ್ಕರೆ ಅದರ ಆಯಸ್ಸೂ ಹಳೆಯ ಮದ್ದಿನಷ್ಟೇ.

ಕಡೆಯದಾಗಿ ಒಂದು ಎಚ್ಚರಿಕೆ, ಇದು ನನ್ನ ವಾದಕ್ಕೇ ಎದುರಾಗುವಂಥದ್ದು. ನಿಗಾ ಇಡಿ, ಮಾದರಿ ತೆಗೆಯಿರಿ ಎಂದಾಗ ಯಾರ ಮೇಲೆ ನಿಗಾ ಎಂಬ ಪ್ರಶ್ನೆ ಏಳುತ್ತದೆ. 19ನೆಯ ಶತಮಾನದಲ್ಲಿ ಬೆಂಗಳೂರು ದಂಡಿನಲ್ಲಿ ಲೈಂಗಿಕ ರೋಗಗಳಿಗೆಂದೇ ಲಾಕ್ ಆಸ್ಪತ್ರೆ ಇತ್ತು. 1864ರ ದಂಡುಪ್ರದೇಶ ಕಾಯಿದೆ, 1868ರ ಸಾಂಕ್ರಾಮಿಕ ರೋಗಗಳ ಕಾಯಿದೆಗಳ ಬಲದಿಂದ ವೇಶ್ಯೆಯರೆಂದು ಗುರುತಿಸಿದ ಹೆಂಗಸರನ್ನು ನೋಂದಾಯಿಸಿ, ಬಲವಂತವಾಗಿ ತಪಾಸಣೆ ಮಾಡಿ, ರೋಗ ಕಂಡರೆ ಕೂಡಿಹಾಕುತ್ತಿದ್ದರು. ಸಿಪಾಯಿಗಳಿಗೆ ಅಂಥ ಕಾನೂನಿನ ಕಟ್ಟು ಇರಲಿಲ್ಲ. ಹೆಂಗಸರು ಅಡಗಿದರು, ಊರು ಬಿಟ್ಟರು, ರೋಗ ಉಳಿಯಿತು. 1888ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ರದ್ದಾಯಿತು. ಕಣ್ಣಿಡಬೇಕಾದದ್ದು ರೋಗಾಣುವಿನ ಮೇಲೆ. ಮಾದರಿಗೆ ಸಂಖ್ಯೆ ಸಾಕು, ಹೆಸರು ಬೇಡ. ಸಂಗಾತಿಗೆ ಚಿಕಿತ್ಸೆ ಕೊಡಿಸುವ ಮಾತನ್ನು ರೋಗಿಯ ಬಾಯಿಂದಲೇ ಆಡಿಸಬೇಕು, ಆಶಾ ಕಾರ್ಯಕರ್ತೆಯ ಬಾಯಿಂದ ಊರಿಗೆ ಹರಡಬಾರದು. ನಡತೆಗೆಟ್ಟವರ ರೋಗಕ್ಕೆ ಇಷ್ಟು ಖರ್ಚೇ ಎಂದು ಕೇಳುವವರಿಗೆ, ಗಂಡನಿಂದ ಸೋಂಕು ಪಡೆದ ಹೆಂಡತಿಯ ನಡತೆಯನ್ನೂ, ಕಣ್ಣಿಗೆ ಕೀವು ಹತ್ತಿದ ಹಸುಗೂಸಿನ ನಡತೆಯನ್ನೂ ಮೊದಲು ವಿಚಾರಿಸಿಕೊಂಡು ಬನ್ನಿ ಎನ್ನಬೇಕಾಗುತ್ತದೆ.

ಈ ಸಭೆಯಲ್ಲಿರುವ ವೈದ್ಯರಲ್ಲಿ ನನ್ನದೊಂದು ಬಿನ್ನಹ. ಬೂದು ಪೊಟ್ಟಣ ಕೊಟ್ಟ ರೋಗಿಗೆ ಏಳು ದಿನ ಬಿಟ್ಟು ಬರಲು ಹೇಳಿ. ಸ್ರಾವ ನಿಂತಿರದಿದ್ದರೆ ಅದೇ ಪೊಟ್ಟಣವನ್ನು ಎರಡನೆಯ ಸಲ ಕೊಡಬೇಡಿ; ಮಾದರಿ ತೆಗೆದು, ಅದು ಒಣಗುವ ಮೊದಲು ಹತ್ತಿರದ ಕಾಲೇಜಿನ ಪ್ರಯೋಗಾಲಯಕ್ಕೆ ಮುಟ್ಟಿಸಿ. ಔಷಧ ವ್ಯಾಪಾರಿಗಳಲ್ಲಿ ಇನ್ನೊಂದು ಬಿನ್ನಹ. ನೆಗಡಿಗೆಂದು ಚೀಟಿಯಿಲ್ಲದೆ ಸೆಫಿಕ್ಸಿಮ್ ಕೇಳಿ ಬಂದವರನ್ನು ಬರಿಗೈಲಿ ಕಳಿಸಿ.